ವಿಭೂತಿ ಬುಧವಾರದ ಬೀಗರ ಊಟ

ಗೆಳೆಯರೇ, ಇಂದು ಮಧ್ಯಾಹ್ನ ಹೊಂಗನೂರಿನ ಬೀಗರ ಊಟದಲ್ಲಿ ಎಲೆಯ ಮುಂದೆ ಕೂತು ಮಟನ್ ಬೇಡ ಎಂದೆ. ಬೆಳಗ್ಗೆ ಚರ್ಚಿನ ಪೂಜೆಯಲ್ಲಿ ಫಾದರ್ ಹಚ್ಚಿದ ಬೂದಿ ಇನ್ನೂ ಹಣೆಯ ಮೇಲಿತ್ತು. ತಪಸ್ಸುಕಾಲ ಶುರುವಾಗುವ ಈ ವಿಭೂತಿ ಬುಧವಾರ ನಾವು ಕಥೋಲಿಕರು ಮಾಂಸ ಮುಟ್ಟುವುದಿಲ್ಲ. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ಇದನ್ನು ಕಲಿಸುವವನೇ ನಾನು.

ಮದುವೆ ಮನೆಯ ಯಜಮಾನರಾದ ಪುಟ್ಟಸ್ವಾಮಣ್ಣ ಸೌಟು ಹಿಡಿದೇ ನಿಂತರು.

"ಸೋಮವಾರ ನಾವೂ ತಿನ್ನಲ್ಲ ಮೇಷ್ಟ್ರೇ, ಅದ್ಕೇ ಬುಧವಾರ ಮಡಗಿದ್ದು. ಬೀಗರೂಟದಾಗೆ ಬಾಡು ಬ್ಯಾಡ ಅಂದ್ರೆ ಬೀಗ್ರು ಏನಂದ್ಕತಾರೆ?"

"ಇವತ್ತೊಂದಿನ ನಮ್ಮ ಧರ್ಮದ ನಿಯಮ ಅಣ್ಣ."

"ಮತ್ತೆ ಆ ಮಗು?"

ಎದುರು ಸಾಲಿನಲ್ಲಿ ನನ್ನ ತರಗತಿಯ ಜೆಸಿಂತಾ, ಹಣೆಯಲ್ಲಿ ಅದೇ ಬೂದಿ ಇಟ್ಟುಕೊಂಡು, ಮೂಳೆ ಚೀಪುತ್ತಿದ್ದಳು.

"ಏನಮ್ಮ ಇದು?" ಎಂದೆ.

ಅವಳು ಮೂಳೆ ಕೆಳಗಿಡಲಿಲ್ಲ. "ಹದಿನಾಲ್ಕು ತುಂಬೋಗಂಟ ಈ ನಿಯಮ ಇಲ್ಲ ಅಂತ ನೀವೇ ಯೋಳ್ಕೊಟ್ರಲ್ಲ ಸಾರ್. ನಂಗಿನ್ನೂ ಹನ್ನೆರಡು." ಆಮೇಲೆ ಪುಟ್ಟಸ್ವಾಮಣ್ಣನ ಕಡೆ ತಿರುಗಿ, "ನಮ್ ಸಾರ್‌ಗೆ ಹಾಕ್ಬ್ಯಾಡಿ ತಾತ, ಅವ್ರಿಗೆ ಹದಿನಾಲ್ಕು ಯಾವತ್ತೋ ಆಗೋಗೈತೆ," ಎಂದಳು.

ಪುಟ್ಟಸ್ವಾಮಣ್ಣ ನನ್ನ ಪಾಲಿನ ತುಂಡುಗಳನ್ನೂ ಅವಳ ಎಲೆಗೇ ಬಡಿಸಿದರು. ನನಗೆ ಕೋಸಂಬರಿ ಬಂತು.

ಪವಿತ್ರಾತ್ಮ ಯಾರು ಎಂದು ಕೇಳಿದರೆ ಈ ಹುಡುಗಿ ಮೇಲಿನ ಫ್ಯಾನ್ ನೋಡುತ್ತಾಳೆ. ಈಗಿನ ಮಕ್ಕಳ ತಲೆಗೆ ಧರ್ಮೋಪದೇಶ ಹತ್ತುವುದೇ ಇಲ್ಲ ಎಂದು ಹೋದ ವಾರವಷ್ಟೇ ಫಾದರ್ ಹತ್ತಿರ ದೂರಿದ್ದೆ. ಕೋಸಂಬರಿ ಮುಗಿಸಿ, ದೂರನ್ನು ವಾಪಸ್ ಪಡೆದಿದ್ದೇನೆ.