ಎರೆನೆಲದ ಮೇಲೆ ಪೂಲ್ ಮೇಜು ಕೂಡಿಸಿದ ಮಿಸ್ತ್ರಿ

ಅವರ ಗಡ್ಡ ಎರಡೂ ಕಡೆ ಒಂದೇ ಸಮ ಇರಲಿಲ್ಲ. ಬಲಗೆನ್ನೆಯ ಮೇಲೆ ಹುಲುಸಾಗಿ ಬೆಳೆದ ಬಿಳಿ ಗಡ್ಡ ಎಡಗೆನ್ನೆಗೆ ಬರುವ ಹೊತ್ತಿಗೆ ದನ ಮೇಯ್ದು ಬಿಟ್ಟ ಬಯಲಿನಂತೆ ತೆಳ್ಳಗಾಗಿಬಿಡುತ್ತಿತ್ತು. ನಲವತ್ತು ವರ್ಷ ಆ ಎಡಗೆನ್ನೆಯನ್ನು ಬಿಲಿಯರ್ಡ್ಸ್, ಪೂಲ್ ಮೇಜುಗಳ ಹಸಿರು ಬಟ್ಟೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಗೆ ದೃಷ್ಟಿ ಹಾಯಿಸಿದ್ದರ ಫಲ ಅದು. ಜಿಲ್ಲೆಯ ಮೇಜುಗಳನ್ನೆಲ್ಲ ಸಮ ಮಾಡಿದ ಮನುಷ್ಯನ ಮುಖವೇ ಸಮ ಇಲ್ಲವೆಂದು ನಮ್ಮ ಕ್ಲಬ್ಬಿನಲ್ಲಿ ನಗುತ್ತಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು. "ನಗ್ರಿ ನಗ್ರಿ. ನನ್ನ ಮಾರಿ ಮ್ಯಾಲ ಯಾರೂ ಚೆಂಡು ಉಳ್ಳಸೂದಿಲ್ಲಲ್ಲ" ಎನ್ನುತ್ತಿದ್ದರು.

ನಾವು ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದೆವು. ಊರು ಅಣ್ಣಿಗೇರಿ. ತಂದೆ ಕುಣಿಮಗ್ಗದಲ್ಲಿ ಕೂತು ನೇಯ್ದವರು. ಇವರು ಹುಬ್ಬಳ್ಳಿಯ ಹಳೆಯ ಕ್ಲಬ್ಬೊಂದರಲ್ಲಿ ಬಿಲಿಯರ್ಡ್ಸ್ ಮೇಜು ರಿಪೇರಿ ಮಾಡುವವರ ಕೈಕೆಳಗೆ ಕೆಲಸ ಕಲಿತು, ಪೂಲ್ ಆಟ ಬಂದ ಮೇಲೆ ಅದರ ಮೇಜುಗಳನ್ನೂ ಹಿಡಿದರು. ತೀರಿಕೊಂಡು ಹದಿನೆಂಟು ದಿನವಾಯಿತು. ನನಗೆ ಬಡಿದ ದಿಗಿಲು ಇನ್ನೂ ಇಳಿದಿಲ್ಲ. ಸಾವಿನ ದಿಗಿಲಲ್ಲ ಅದು. ಅವರಿಗೆ ವಯಸ್ಸಾಗಿತ್ತು, ಹೋಗುವುದು ನ್ಯಾಯವೇ. ನನ್ನದು ಬೇರೆ, ಅದನ್ನು ಕ್ರಮವಾಗಿ ಹೇಳಬೇಕು.

ಕೋಲಿನಿಂದ ಚೆಂಡು ತಳ್ಳಿ ತೂತಿಗೆ ಬೀಳಿಸುವ ಪೂಲ್ ಮೇಜು ಎಂದರೆ ಮೇಲೆ ಕಾಣುವ ಹಸಿರು ಬಟ್ಟೆಯಲ್ಲ. ಬಟ್ಟೆಯ ಕೆಳಗೆ ಮೂರು ದಪ್ಪ ಪಾಟಿಕಲ್ಲುಗಳಿರುತ್ತವೆ. ಮೂರೂ ಒಂದೇ ಮಟ್ಟಕ್ಕೆ ಕೂತು, ಸಂದಿಗೆ ಮೇಣ ತುಂಬಿ, ಕಾಲುಗಳನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿ ಸರಿ ಮಾಡಿದರೆ ಮಾತ್ರ ಮೆಲ್ಲಗೆ ಬಿಟ್ಟ ಚೆಂಡು ಬಿಟ್ಟ ದಾರಿಯಲ್ಲೇ ಹೋಗುತ್ತದೆ. ಮನೆಯಲ್ಲಿ ಆಡುವವರಿಗೆ ಒಂದೆಳೆ ಹೆಚ್ಚು ಕಡಿಮೆಯಾದರೂ ನಡೆದೀತು. ಆಟವನ್ನೇ ನಂಬಿ ಬದುಕುವ ಪ್ರೊಫೆಶನಲ್ ಆಟಗಾರರಿಗೆ ಅದು ನಡೆಯುವುದಿಲ್ಲ.

ನಮ್ಮ ನವಲಗುಂದದ ಕ್ಲಬ್ಬು ಒಂದು ಕಾಲಕ್ಕೆ ಹತ್ತಿಯ ಗೋದಾಮು. ಕೆಳಗೆ ಫರಸಿ ಕಲ್ಲು, ಅದರ ಕೆಳಗೆ ಎರೆಮಣ್ಣು. ಎರೆಭೂಮಿಯ ಗುಣ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕುಡಗೋಲು ಬಿದ್ದರೆ ಸಿಗದಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ಮನೆಯ ಬಾಗಿಲುಗಳೆಲ್ಲ ಶ್ರಾವಣದಲ್ಲಿ ಬಿಗಿದು ಅತ್ತೆ ಸೊಸೆಯರಂತೆ ಮುನಿಸಿಕೊಂಡು ಕೂಡುತ್ತವೆ. ಇಂಥ ನೆಲದ ಮೇಲೆ ಪೂಲ್ ಮೇಜು ತಂದಿಡುವ ಐತಿಹಾಸಿಕ ತೀರ್ಮಾನವನ್ನು ಕಾರ್ಯದರ್ಶಿಯಾದ ನಾನೇ ಬರೆದು ಸಹಿ ಮಾಡಿದ್ದೆ.

ಮಿಸ್ತ್ರಿ ಮೊದಲ ಸಲ ಬಂದು, ತಮ್ಮ ರಸಮಟ್ಟವನ್ನು ಮೇಜಿನ ಮೇಲಿಟ್ಟು ನೋಡಿ, ಎದ್ದು ನಿಂತು ಕೇಳಿದರು: "ಮಾಸ್ತರ್ರ, ಆಟ ನೋಡಾಕ ಎಷ್ಟು ಮಂದಿ ಬರ್ತಾರ?"

"ಎಂಬತ್ತು."

"ಹಂಗಾರ ಎಂಬತ್ತು ಮಂದಿ ಬೇಕ್ರಿ ಈಗ."

"ಯಾವ ಕೆಲಸಕ್ಕ?"

"ಕುಂದ್ರಾಕ."

ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದ ನಾನು, ಕೂಡಲಿಕ್ಕೆಂದೇ ಜನ ಬೇಕು ಎಂಬ ಬೇಡಿಕೆಯನ್ನು ಸರಕಾರಿ ಸಭೆಗಳಲ್ಲಿ ಬಿಟ್ಟು ಬೇರೆಲ್ಲೂ ಕೇಳಿರಲಿಲ್ಲ. ಅವರು ಅಗದಿ ತಾಳ್ಮೆಯಿಂದ ತಿಳಿಸಿ ಹೇಳಿದರು: "ಖಾಲಿ ಹಾಲ್‌ನ್ಯಾಗ ಮಟ್ಟ ಮಾಡಿದ್ದು ಖಾಲಿ ಹಾಲ್‌ಗೆ ಮಟ್ಟ. ಎರಿ ನೆಲ ಅಂದ್ರ ದನದ ಬೆನ್ನು ಇದ್ದಂಗ. ಮ್ಯಾಲ ಕುಂತವ್ರ ಭಾರ ನೋಡಿ ಸರಕೊಂತೈತಿ. ಎಲ್ಲಿ ಕುಂದ್ರತಾರೋ ಅಲ್ಲೇ ಕುಂದ್ರಸ್ರಿ, ನಾ ಮಟ್ಟ ಮಾಡ್ತೀನಿ."

ಅವತ್ತು ಸಂತೆ. ಮಿರ್ಚಿ, ಚುರುಮರಿ, ಚಹದ ಆಸೆ ತೋರಿಸಿ ಎಂಬತ್ತು ಜನರನ್ನು ತಂದು ಕೂಡಿಸಿದೆವು. ತಿರ್ಲಾಪುರದಿಂದ ಸೊಪ್ಪು ಮಾರಲು ಬಂದ ಮುದುಕಿಯೊಬ್ಬಳು ಮುಂದಿನ ಸಾಲಿನಲ್ಲಿ ಕೂತು, "ಏನ್ ಭಾಷಣ ಐತೋ ಯಪ್ಪಾ?" ಎಂದಳು.

"ಏನೂ ಇಲ್ಲಬೇ ಅವ್ವಾ. ಸುಮ್ಮ ಕುಂದ್ರೂದು."

"ಹಂಗಾರ ಎರಡು ತಾಸು ಬೇಕಾರ ಕುಂದ್ರತೀನಿ."

ಮಿಸ್ತ್ರಿ ಮೇಜಿನ ಕೆಳಗೆ ಹೊಕ್ಕರು. ಕಾಲಿನ ಕೆಳಗೆ ಕೊಡಲು ಅವರು ಬಳಸುತ್ತಿದ್ದುದು ಹಳೆಯ ಲಗ್ನಪತ್ರಿಕೆಗಳನ್ನು. ಚೀಲದ ತುಂಬ ದಪ್ಪದ ಪ್ರಕಾರ ಕಟ್ಟು ಕಟ್ಟಿ ಇಟ್ಟಿದ್ದರು. ಕೆಳಗಿನಿಂದ ಅವರ ಧ್ವನಿ ಬರುತ್ತಿತ್ತು: "ಈ ಮೂಲಿಗೆ ಒಂದು ಸಾವಕಾರ್ರ ಲಗ್ನ ಕೊಡ್ರಿ." ಕೊಟ್ಟೆವು. "ಹೆಚ್ಚಾತು. ತಗೀರಿ. ಬಡವರ ಲಗ್ನ ಎರಡು ಕೊಡ್ರಿ." ಆಮೇಲೆ ಹೊರಗೆ ಬಂದು ಕೆನ್ನೆ ಬಟ್ಟೆಗೆ ಒತ್ತಿ, ಬಿಳಿ ಚೆಂಡನ್ನು ಉಸಿರು ಬಿಟ್ಟಷ್ಟೇ ಮೆಲ್ಲಗೆ ಉರುಳಿಸಿ ನೋಡುವರು. ಮುದುಕಿ ಎಲೆ ಅಡಿಕೆ ತೆಗೆಯಲು ಅತ್ತಿತ್ತ ಸರಿದರೆ, "ಅವ್ವಾ, ಬಾಜು ಸರೀಬ್ಯಾಡ" ಎನ್ನುವರು. ನಾಲ್ಕು ತಾಸಿನ ನಂತರ ಚೆಂಡು ಮೇಜಿನ ಉದ್ದಕ್ಕೆ ಹೋಗಿ, ಅದೇ ಗೆರೆಯ ಮೇಲೆ ಮರಳಿ ಅವರ ಕೈಗೆ ಬಂತು. ಎಂಬತ್ತು ಜನ, ಯಾತಕ್ಕೆಂದು ತಿಳಿಯದೆಯೂ, ಚಪ್ಪಾಳೆ ತಟ್ಟಿದರು.

ನಾಲ್ಕು ವರ್ಷದ ಹಿಂದೆ ರಾಜ್ಯದ ಪೂಲ್ ಸಂಘದವರು ಸಣ್ಣ ಊರುಗಳಲ್ಲೂ ಪ್ರೊಫೆಶನಲ್ ಟೂರ್ನಿ ನಡೆಸುವ ಮನಸ್ಸು ಮಾಡಿದಾಗ ನಮ್ಮ ಕ್ಲಬ್ಬು ಅರ್ಜಿ ಹಾಕಿತು. ಮಿಸ್ತ್ರಿಯ ಹೆಸರು ನೋಡಿಯೇ ಒಪ್ಪಿದರು ಎಂದು ನನ್ನ ನಂಬಿಕೆ. ಹುಬ್ಬಳ್ಳಿ, ಗದಗ, ಧಾರವಾಡದ ಟೂರ್ನಿಗಳಿಗೆಲ್ಲ ಮೇಜು ಮಟ್ಟ ಹಿಡಿದವರು ಅವರೇ. ಸಂಘದ ನಿಯಮ ಹೀಗಿತ್ತು: ಮಿಸ್ತ್ರಿ ಮೇಜು ಸರಿ ಇದೆಯೆಂದು ಬರೆದು ಸಹಿ ಮಾಡಬೇಕು, ರೆಫರಿ ತನ್ನ ಯಂತ್ರದಿಂದ ಪರೀಕ್ಷಿಸಬೇಕು, ಆಮೇಲೆ ಮೇಜನ್ನು ಯಾರೂ ಮುಟ್ಟಬಾರದು. ಮಿಸ್ತ್ರಿಯ ನಿಯಮ ಇನ್ನೂ ಒಂದು ಹೆಚ್ಚಿತ್ತು. ಕುರ್ಚಿಗಳ ಸಾಲು ಎಲ್ಲಿ ಮುಗಿಯಬೇಕೋ ಅಲ್ಲಿ ಫರಸಿಯ ಮೇಲೆ ಸುಣ್ಣದಿಂದ ಗೆರೆ ಎಳೆದು, ನನ್ನನ್ನು ಕರೆದು ತೋರಿಸಿದರು.

"ಮಾಸ್ತರ್ರ, ಮಳಿಗಾಲ ಐತಿ, ನೆಲ ಹಸಿ ಐತಿ. ಈ ಗೆರಿ ಒಳಗ ಒಂದು ಸ್ಟೂಲ್ ಸೈತ ಬರಬಾರ್ದು. ಉಳಿದ ಮಂದಿ ಮ್ಯಾಲ ನನಗ ಭರೋಸ ಇಲ್ಲ. ನಿಮಗ ಹೇಳೀನಿ."

"ಬಿಡ್ರಿ ಮಿಸ್ತ್ರಿ, ನಾ ಇರ್ತೀನಿ" ಎಂದೆ.

ಕೊನೆಯ ಪಂದ್ಯ ಶುಕ್ರವಾರ ಮಧ್ಯಾಹ್ನ. ಬೆಳಿಗ್ಗೆ ಸಹಿ, ಪರೀಕ್ಷೆ ಎಲ್ಲ ಮುಗಿಸಿ ಮಿಸ್ತ್ರಿ ಜುಮ್ಮಾ ನಮಾಜಿಗೆ ಹೋದರು. ಅವರು ಅತ್ತ ಹೋದರು, ರೆಫರಿ ಊಟಕ್ಕೆ ಹೋದ, ಇತ್ತ ಕ್ಲಬ್ಬಿನ ಅಧ್ಯಕ್ಷರು ಬಂದರು. ಹಾಲ್‌ನ ಸುತ್ತ ಕಣ್ಣಾಡಿಸಿ, "ಏನ್ರೀ ಇದು? ಊರಿನ ಹಿರ್‍ಯಾರು ಬರೂ ಹೊತ್ತಾತು. ಅವರನ್ನ ಪ್ಲಾಸ್ಟಿಕ್ ಖುರ್ಚಿ ಮ್ಯಾಲ ಕುಂದ್ರಸ್ತೀರಿ?" ಎಂದರು.

ಅವರ ಮನೆಯಿಂದಲೇ ಸಾಗವಾನಿಯ ನಾಲ್ಕು ಸೋಫಾ ಬಂದವು. ಒಂದೊಂದನ್ನು ಆರಾರು ಜನ ಹೊತ್ತರು. ಮೇಜಿನ ಪಡುವಣ ಬದಿಗೆ, ಗೆರೆಯ ಒಳಗೆ, ನಾನೇ ನಿಂತು ಇಡಿಸಿದೆ. ಗೆರೆ ಫೋಟೋದಲ್ಲಿ ಅಸಹ್ಯ ಕಾಣುತ್ತದೆಂದು ಒದ್ದೆ ಅರಿವೆಯಿಂದ ಒರೆಸಿದವನೂ ನಾನೇ. ಹನ್ನೊಂದು ಮಂದಿ ಗಣ್ಯರು, ಶರೀರದಲ್ಲೂ ಗಣ್ಯರಾದವರು, ಬಂದು ವಿರಾಜಮಾನರಾದರು. ಸಮಾರಂಭಕ್ಕೆ ಒಂದು ಕಳೆ ಬಂತೆಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಕೊನೆಯ ಪಂದ್ಯದಲ್ಲಿ ಒಂದು ಕಡೆ ದಾವಣಗೆರೆಯ ನುರಿತ ಆಟಗಾರ, ಇನ್ನೊಂದು ಕಡೆ ಅಳ್ನಾವರದ ಒಬ್ಬ ಹುಡುಗಿ. ಇಬ್ಬರೂ ಸಮಸಮ ಬಂದು, ಕಟ್ಟಕಡೆಯ ಆಟದ ಕಟ್ಟಕಡೆಯ ಚೆಂಡು ಉಳಿಯಿತು. ಹುಡುಗಿಯ ಸರದಿ. ಚೆಂಡನ್ನು ಮೂಲೆಯ ತೂತಿಗೆ ಮೆಲ್ಲಗೆ ಕಳಿಸಬೇಕಿತ್ತು, ಕಳಿಸಿದಳು. ಚೆಂಡು ನೆಟ್ಟಗೆ ಹೋಯಿತು, ನಿಧಾನವಾಯಿತು, ಕೊನೆಯ ಒಂದು ಗೇಣಿನಲ್ಲಿ ಯಾರೋ ಕರೆದವರ ಹಾಗೆ ಸೋಫಾಗಳ ಕಡೆ ಹೊರಳಿ, ತೂತಿನ ಅಂಚಿಗೆ ತಾಗಿ ನಿಂತಿತು.

ಜೀವವಿಲ್ಲದ ಚೆಂಡು ದಾರಿ ಬಿಟ್ಟು ಹೊರಳಿದ್ದನ್ನು ಕಣ್ಣಾರೆ ಕಂಡೆ, ಅದು ಯಾಕೆ ಹೊರಳಿತೆಂದು ಆ ಕ್ಷಣಕ್ಕೇ ತಿಳಿದವನು ನಾನು.

ದಾವಣಗೆರೆಯವನು ಕೋಲಿಗೆ ಸೀಮೆಸುಣ್ಣ ತಿಕ್ಕುತ್ತ ಎದ್ದ. ಅವನಿಗಿನ್ನು ಮುಟ್ಟಿದರೆ ಸಾಕು. ಆಗ ಬಾಗಿಲ ಹತ್ತಿರದಿಂದ "ತಡೀರಿ" ಎಂಬ ಮಾತು ಬಂತು. ನಮಾಜು ಮುಗಿಸಿ ಬಂದ ಮಿಸ್ತ್ರಿ ಗದ್ದಲದಲ್ಲಿ ಹಿಂದೆಯೇ ನಿಂತಿದ್ದರು. ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಬಂದಾಗ ಸೋಫಾಗಳನ್ನು ಕಂಡರು. ಗೆರೆ ಇದ್ದ ಜಾಗವನ್ನು ಕಂಡರು. ರೆಫರಿಗೆ, "ಮೇಜು ಮಟ್ಟ ತಪ್ಪೇತ್ರಿ. ನಿಮ್ಮ ಯಂತ್ರ ಇಟ್ಟು ನೋಡ್ರಿ" ಎಂದರು.

ರೆಫರಿ ಸಿಟ್ಟಿನಿಂದಲೇ ಇಟ್ಟು ನೋಡಿದ. ಪಡುವಣ ಬದಿ ಇಳಿದಿತ್ತು. "ಮುಂಜಾನೆ ಸರಿ ಇತ್ತು. ನೀವೇ ಸಹಿ ಮಾಡಿದ್ದೀರಿ. ಆಮೇಲೆ ಇಲ್ಲಿ ಏನು ಬದಲಾಯಿತು?"

ಮಿಸ್ತ್ರಿ ನನ್ನ ಕಡೆ ತಿರುಗಿದರು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಇದು ನೀವು ಹೇಳುವ ಮಾತು, ಹೇಳಿರಿ ಎಂದು ಜಾಗ ಬಿಟ್ಟುಕೊಟ್ಟ ಹಾಗಿತ್ತು. ನನ್ನ ಬೆನ್ನ ಹಿಂದೆ ಅಧ್ಯಕ್ಷರಿದ್ದರು, ಹನ್ನೊಂದು ಗಣ್ಯರಿದ್ದರು, ಫೋಟೋದವನಿದ್ದ. ಸತ್ಯದ ಪಾಠವನ್ನು ಮೂವತ್ತೆರಡು ವರ್ಷ ಮಕ್ಕಳಿಂದ ಗಟ್ಟಿಯಾಗಿ ಓದಿಸಿದ ನನ್ನ ಗಂಟಲಿನಿಂದ ಒಂದು ಅಕ್ಷರ ಹೊರಬೀಳಲಿಲ್ಲ. ಅವರು ಕಾದರು. ಬಹಳ ಹೊತ್ತೇ ಕಾದರು. ಆಮೇಲೆ ರೆಫರಿಯ ಕಡೆ ತಿರುಗಿ ಹೇಳಿದರು:

"ಏನೂ ಬದಲಾಗಿಲ್ರಿ. ನನ್ನ ಕೆಲಸನ ಕಚ್ಚಾ ಆಗಿತ್ತು. ತಪ್ಪು ನಂದು."

ಆಮೇಲೆ ಗಣ್ಯರಿಗೆ ಕೈ ತೋರಿಸಿ, "ಯಾರೂ ಏಳಬ್ಯಾಡ್ರಿ. ಹಿಂಗ ಕುಂತಿರ್ರಿ" ಎಂದು ಮೇಜಿನ ಕೆಳಗೆ ಹೊಕ್ಕರು. ಅರ್ಧ ತಾಸು ಹನ್ನೊಂದು ಗಣ್ಯರು ಅಲುಗದೆ ಕೂತರು. ಸೋಫಾಗಳ ಭಾರ ಸಹಿತವಾಗಿ ಮೇಜು ಮತ್ತೆ ಮಟ್ಟಕ್ಕೆ ಬಂತು. ರೆಫರಿ ಆ ಆಟವನ್ನು ಹೊಸದಾಗಿ ಆಡಿಸಿದ. ಹುಡುಗಿ ಅದರಲ್ಲೂ ಸೋತಳು. ಗೆದ್ದಿದ್ದರೆ ನನಗೆ ಹೇಳಿಕೊಳ್ಳಲು ಒಂದು ಸಮಾಧಾನವಾದರೂ ಇರುತ್ತಿತ್ತು.

ಸಂಘ ತನ್ನ ಪಟ್ಟಿಯಿಂದ ಮಿಸ್ತ್ರಿಯ ಹೆಸರನ್ನು ತೆಗೆಯಿತು. ಸುದ್ದಿಗೆ ಕಾಲು ಬಂದು ಓಡಿತು. ಹುಬ್ಬಳ್ಳಿಯವರು ಕರೆಯುವುದನ್ನು ಬಿಟ್ಟರು, ಗದಗಿನವರು ಬಿಟ್ಟರು. ಟೂರ್ನಿಯ ಮೇಜು ಆಮೇಲೆ ಅವರ ಕೈಗೆ ಬರಲಿಲ್ಲ. ಅವರು ಅಣ್ಣಿಗೇರಿಯಲ್ಲಿ ಬಾಗಿಲು, ಹೊರಸು, ಕಿಟಕಿ ಮಾಡಿಕೊಂಡು ಉಳಿದರು. ನಾನು ವರ್ಷಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆ, ಪ್ರತಿ ಸಲ ಬಸ್ಸಿನಲ್ಲಿ ಕ್ಷಮೆ ಕೇಳುವ ವಾಕ್ಯ ಜೋಡಿಸಿಕೊಂಡು. ಹೋಗಿ ಕೂತರೆ ಚಹಾ ಬರುತ್ತಿತ್ತು. "ನಿಮ್ಮ ಪಡಸಾಲಿ ಬಾಗಲಾ ಬಿಗೀತೈತೇನ್ರೀ ಮಾಸ್ತರ್ರ?" ಎಂದು ಅವರು ಕೇಳುವರು. ಹೌದು ಎಂದರೆ ಮರುದಿನ ಬಂದು ಉಜ್ಜುಗೊರಡು ಹೊಡೆದು ಸರಿ ಮಾಡಿ ಹೋಗುವರು. ಜೋಡಿಸಿದ ವಾಕ್ಯ ನನ್ನ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಅವರಾಗಿ ಆ ಮಾತು ಎತ್ತಲಿಲ್ಲ, ಇನ್ನು ನಾನೇಕೆ ಎತ್ತಲಿ ಎಂಬ ತರ್ಕವನ್ನೂ ಕಟ್ಟಿಕೊಂಡಿದ್ದೆ. ಒಳಗಿನವರಿಗೆ, ಅವರ ಹೆಂಡತಿ ಮಗನಿಗೆ, ನಿಜ ಗೊತ್ತಿರಲೇಬೇಕು, ಗೊತ್ತಿದ್ದೂ ನನಗೆ ಚಹಾ ಕೊಡುತ್ತಾರೆ, ಅಂದಮೇಲೆ ಕ್ಷಮಿಸಿದ್ದಾರೆ. ತರ್ಕ ಸುಂದರವಾಗಿತ್ತು.

ಹದಿನೆಂಟು ದಿನದ ಹಿಂದೆ ಸುದ್ದಿ ಬಂತು. ಅದಕ್ಕೂ ಎರಡು ದಿನ ಮುಂಚೆ ನಾನು ಅಲ್ಲಿ ಚಹಾ ಕುಡಿದು ಬಂದಿದ್ದೆ. ಹೋದೆ. ಮನೆಯ ಮುಂದೆ ಜನ ಸೇರಿದ್ದರು, ಮಿಸ್ತ್ರಿಯನ್ನು ಮಲಗಿಸಿದ ಜನಾಜಾದ ಮಂಚವನ್ನು ಅಂಗಳದಲ್ಲಿ ಇಟ್ಟಿದ್ದರು. ಎತ್ತುವ ಮುಂಚೆ ಸತ್ತವರ ಪರವಾಗಿ ಮನೆಯವರು ಕ್ಷಮೆ ಕೇಳುವ ರೂಢಿ ಅವರಲ್ಲಿದೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಅವರ ಮಗ ಮುಂದೆ ಬಂದು ಮೊದಲು ಉರ್ದುವಿನಲ್ಲಿ, ಆಮೇಲೆ ನಮ್ಮಂಥವರಿಗಾಗಿ ಕನ್ನಡದಲ್ಲಿ ಹೇಳಿದ: "ನಮ್ಮ ಅಬ್ಬಾ ಯಾರ ಮನಸ್ಸರೆ ನೋಯಿಸಿದ್ರ, ಯಾರ ಕೆಲಸರೆ ಕೆಡಿಸಿದ್ರ, ಅಲ್ಲಾನ ಸಲುವಾಗಿ ಮಾಫ್ ಮಾಡ್ರಿ."

"ಮಾಫ್ ಐತಿ, ಮಾಫ್ ಐತಿ" ಎಂದು ಜನ ಗುನುಗಿದರು. ಅವನು ನನ್ನನ್ನು ಹುಡುಕಿಕೊಂಡು ಹತ್ತಿರ ಬಂದ. ಕಣ್ಣು ಕೆಂಪಾಗಿದ್ದವು. ಎರಡೂ ಕೈಯಿಂದ ನನ್ನ ಕೈ ಹಿಡಿದ.

"ಮಾಸ್ತರ್ರ, ನಿಮ್ಮ ಟೂರ್ನಿ ಕೆಡಿಸಿದ್ರು ಅಬ್ಬಾ. ವಯಸ್ಸಾಗಿತ್ತು, ಕಣ್ಣು ಮಂಜಾಗಿರಬೇಕು. ಆಟ ಕೆಟ್ಟ ಮ್ಯಾಲ ಎರಡು ಸಲ ಕಣ್ಣಿನ ಡಾಕ್ಟರ ಕಡೆ ಕರಕೊಂಡು ಹೋಗಿದ್ನಿ, ಸುಮ್ಮ ಬಂದ್ರು. ಅಮ್ಮೀಗೆ ಅದೊಂದ ಚಿಂತಿ. ನೀವು ಖುದ್ದ ಮಾಫ್ ಅಂದ್ರ ಆಕಿಗೆ ಹಗರ ಆಗತೈತಿ."

ಸಿಡಿಲು ಬಡಿದರೆ ಹೀಗೇ ಇರುತ್ತದೇನೋ. ಮಿಸ್ತ್ರಿ ನಿಜವನ್ನು ಮನೆಯಲ್ಲೂ ಹೇಳಿರಲಿಲ್ಲ. ನಾಲ್ಕು ವರ್ಷ ತಮ್ಮ ಹೆಂಡತಿಯ ಎದುರು, ಮಗನ ಎದುರು, ಕೆಲಸ ಕೆಡಿಸಿದ ಮುದುಕನಾಗಿ ಬದುಕಿ, ಚೆನ್ನಾಗಿದ್ದ ಕಣ್ಣನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು.

"ಅವರ ತಪ್ಪಿರಲಿಲ್ಲಪಾ" ಎಂದೆ. "ಅವರು ಇಡಬ್ಯಾಡ್ರಿ ಅಂದಲ್ಲಿ ಸೋಫಾ ಇಡಿಸಿದವ ನಾನು. ಅವರು ಹಾಕಿದ ಗೆರಿ ಒರಸಿದವ ನಾನು. ನೆಲ ಕುಸೀತು. ನಾ ಬಾಯಿ ಬಿಡಲಿಲ್ಲ, ಅವರು ತಮ್ಮ ಮ್ಯಾಲ ಹಾಕ್ಕೊಂಡ್ರು."

ಬಾಗಿಲ ಪರದೆಯ ಹಿಂದೆ ಹೆಂಗಸರ ಅಳು ನಿಂತಿತು. ಮಗ ನನ್ನ ಕೈಯನ್ನು ಬಿಡಲಿಲ್ಲ, ಹಿಡಿದಿದ್ದೇನೆಂಬುದನ್ನು ಮರೆತವನ ಹಾಗೆ ಹಿಡಿದುಕೊಂಡೇ ನೋಡಿದ.

"ಮೊನ್ನಿ ಬಂದಿದ್ರಲ್ರೀ ನೀವು. ಚಾ ಕುಡದು ಹೋದ್ರಿ. ಮೊನ್ನಿ ಅಬ್ಬಾಗ ಅಗದಿ ಬರೋಬ್ಬರಿ ಕೇಳಸ್ತಿತ್ತು."

ಇಷ್ಟು ಹೇಳಿ ಕೈ ಬಿಟ್ಟು ಹೋಗಿ ಜನಾಜಾಕ್ಕೆ ಹೆಗಲು ಕೊಟ್ಟ. ನಾನು ಮಾಫಿ ಕೇಳಲು ಬಾಯಿ ತೆರೆದೆ. ಕೇಳಬೇಕಾದವರನ್ನು ಆಗಲೇ ಎತ್ತಿದ್ದರು.