ಸೇತುವೆ ಕೇಳಿದ ಪೈಪ್ ಸಾಹುಕಾರರು

ಊರಿಗೆ ಊರೇ ಅವರನ್ನು ಪೈಪ್ ಸಾಹುಕಾರರು ಎಂದು ಕರೆಯುತ್ತಿತ್ತು. ಸಂಸತ್ತಿಗೆ ಆರಿಸಿ ಹೋದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ರಾಜಧಾನಿಯಲ್ಲಿ ಏನೇ ಆಗಿರಲಿ, ಊರಿನವರ ಪಾಲಿಗೆ ಅವರು ನಲ್ಲಿ ಸೋರಿದರೆ ವಾಷರ್ ಕೊಡುವವರು.

ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವರನ್ನು ಸಾಕಿದ್ದು ಅಕ್ಕ. ಬಟ್ಟೆ ಹೊಲಿದು ಓದಿಸಿದಳು. ಓದು ತಲೆಗೆ ಹತ್ತುವುದಿಲ್ಲವೆಂದು ಖಾತ್ರಿಯಾದಾಗ ತಾನೇ ಕೈಹಿಡಿದು ಪೈಪಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಸಿದಳು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಬೀದಿಯಲ್ಲಿ ಸ್ವಂತ ಅಂಗಡಿ: ಗೋಡೆಗೆ ಅಳತೆವಾರು ಒರಗಿಸಿದ ಪೈಪುಗಳು, ಗಲ್ಲಾದ ಪಕ್ಕ ಡಬ್ಬ ಡಬ್ಬ ವಾಷರು, ನಲ್ಲಿ. ಅವರ ವ್ಯಾಪಾರದ ಜಾಣತನವೆಲ್ಲ ಒಂದೇ ಮಾತಿನಲ್ಲಿತ್ತು. ಸಗಟು ಕಂಪನಿಯವರು ನಾವು ಕೇಳಿದ್ದರಲ್ಲಿ ಅರ್ಧವನ್ನಷ್ಟೇ ಕಳಿಸುತ್ತಾರೆ. ಐವತ್ತು ನಲ್ಲಿ ಬೇಕಿದ್ದರೆ ನೂರು ಬರೆಯಬೇಕು. ಮೂವತ್ತು ವರ್ಷ ಹೀಗೇ ಬರೆದರು, ಒಮ್ಮೆಯೂ ಕೈಸುಟ್ಟುಕೊಳ್ಳಲಿಲ್ಲ.

ಊರನ್ನು ರೈಲು ಹಳಿ ಎರಡು ಹೋಳು ಮಾಡಿತ್ತು. ಮನೆ, ಅಂಗಡಿ ಈಚೆ, ಆಸ್ಪತ್ರೆ ಆಚೆ, ನಡುವೆ ಗೇಟು. ಗೂಡ್ಸ್ ಬಂಡಿಗೆಂದು ಮುಚ್ಚಿದರೆ ಮುಕ್ಕಾಲು ಗಂಟೆ ತೆರೆಯುತ್ತಿರಲಿಲ್ಲ. ಅಕ್ಕನ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಅವಳು ಡಯಾಲಿಸಿಸ್‌ಗೆ ಹೋಗಬೇಕಾಯಿತು. ಹೊತ್ತು ಮೀರಿದರೆ ಯಂತ್ರ ಮುಂದಿನ ರೋಗಿಗೆ. ಹಾಗೆ ಎರಡು ಸಲ ಊದಿಕೊಂಡ ಕಾಲೆಳೆದುಕೊಂಡು ಮನೆಗೆ ವಾಪಸು ಬಂದಿದ್ದಳು. ಹಳಿಯ ಮೇಲೆ ಸೇತುವೆ ಕಟ್ಟಿಸುವುದು ಪುರಸಭೆಯಿಂದಾಗುವ ಕೆಲಸವಲ್ಲ ಎಂಬುದು ಅಲ್ಲಿ ಎರಡು ಅವಧಿ ಸದಸ್ಯರಾಗಿ ಕೂತೆದ್ದ ಸಾಹುಕಾರರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸಂಸತ್ತಿಗೆ ನಿಂತರು. "ಸೇತುವೆ ತರ್ತೀನಿ" ಎಂದರು. ಜನ ನಂಬಿ ಗೆಲ್ಲಿಸಿದರು.

ಸಂಸತ್ತಿನಲ್ಲಿ ಅವರಿಗೆ ಸಿಕ್ಕಿದ್ದು ಕೊನೆಯಿಂದ ಎರಡನೇ ಸಾಲು. ಅವರ ಸರದಿ ಬರುವ ಹೊತ್ತಿಗೆ ಸಭೆ ಊಟಕ್ಕೆ ಎದ್ದಿರುತ್ತಿತ್ತು. ಎರಡು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ ಮೇಲೆ, ನಿಮ್ಮ ಊರಿನ ಬೇಡಿಕೆ ಬರೆದುಕೊಡಿ ಎಂದು ರೈಲ್ವೆ ಇಲಾಖೆಯಿಂದಲೇ ಒಂದು ನಮೂನೆ ಬಂತು.

"ಸರ್, ಸೇತುವೆ ಒಂದನ್ನೇ ಬರೀರಿ," ಎಂದರು ಅವರ ಆಪ್ತ ಸಹಾಯಕರು.

ಸಾಹುಕಾರರು ನಕ್ಕರು. "ನೀವು ವ್ಯಾಪಾರ ಮಾಡಿದೋರಲ್ಲ ಬಿಡಿ. ಒಂದು ಬೇಕಾದ್ರೆ ಮೂರು ಕೇಳ್ಬೇಕು. ಅವ್ರು ಎರಡು ಹೊಡೆದು ಹಾಕ್ತಾರೆ, ನಮ್ದು ಉಳಿಯುತ್ತೆ."

ನಮೂನೆಯಲ್ಲಿ ಸೇತುವೆ ಎಂದು ಬರೆದು, ಅದರ ಕೆಳಗಿನ ಸಾಲುಗಳಲ್ಲಿ ರೈಲು ನಿಲ್ದಾಣಕ್ಕೊಂದು ಚಾವಣಿ, ಒಂದು ಟಿಕೆಟ್ ಕೌಂಟರ್ ಎಂದೂ ಸೇರಿಸಿ ಸಹಿ ಹಾಕಿದರು.

ಇಲಾಖೆಯವರು ಎರಡು ಹೊಡೆದು ಹಾಕಿದರು. ಉಳಿದದ್ದು ಚಾವಣಿ.

ಒಂದು ಊರಿಗೆ ಒಂದೇ ಕಾಮಗಾರಿ, ಮುಂದಿನದು ಅದು ಮುಗಿದ ಐದು ವರ್ಷದ ನಂತರ ಎಂದು ನಮೂನೆಯ ಹಿಂಬದಿಯಲ್ಲಿ ಅಚ್ಚಾಗಿತ್ತು. ಸಾಹುಕಾರರು ಮಂತ್ರಿಯ ಬಾಗಿಲಿಗೆ ಹೋದರು, ಕಾರ್ಯದರ್ಶಿಯ ಕೈಕಾಲು ಹಿಡಿದರು. "ತಾವೇ ಕೇಳಿದ್ದಲ್ವಾ ಸರ್?" ಎಂದು ಅಧಿಕಾರಿಯೊಬ್ಬರು ಅವರ ಸಹಿಯನ್ನು ಅವರಿಗೇ ತೋರಿಸಿದರು. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ ಮಾಡಿಕೊಳ್ಳುವುದು?

ಚಾವಣಿ ಉದ್ಘಾಟನೆಯೂ ಆಯಿತು. ಮುಂದಿನದು ಸೇತುವೆಯೇ ಎಂದುಕೊಂಡು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಸಾಹುಕಾರರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಅಕ್ಕನನ್ನು ತಾವೇ ಕಾರಿನಲ್ಲಿ ಕರೆದುಕೊಂಡು ಹೊರಟರು. ಗೇಟು ಮುಚ್ಚಿತ್ತು. ಇಳಿದು ಹೋಗಿ ಕೇಳಿದರು.

"ಸಿಗ್ನಲ್ ಬಿದ್ಬಿಟ್ಟಿದೆ ಸರ್. ತೆಗೆದ್ರೆ ನನ್ನ ಕೆಲ್ಸ ಹೋಗುತ್ತೆ," ಎಂದ ಗೇಟಿನವನು ತಲೆ ತಗ್ಗಿಸಿ ನಿಂತ. ಸಾಹುಕಾರರು ವಾಪಸು ಬಂದು ಕಾರಿನಲ್ಲಿ ಕೂತರು.

"ಹೋಗ್ಲಿ ಬಿಡೋ," ಎಂದಳು ಅಕ್ಕ. "ಚಾವಣಿ ತಂದವ್ನು ಸೇತುವೆ ತರಲ್ವಾ?"

ಸಾಹುಕಾರರಿಗೆ ತಡೆಯಲಾಗಲಿಲ್ಲ. ಮೂರು ಬರೆದದ್ದು, ಒಂದೇ ಬರೆಯಿರಿ ಎಂದವರನ್ನು ನೋಡಿ ನಕ್ಕಿದ್ದು, ಎಲ್ಲವನ್ನೂ ಹೇಳಿಬಿಟ್ಟರು. ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇನ್ನೆಷ್ಟು ವರ್ಷ ಅಂದೆ?"

"ಐದು, ಅಕ್ಕ."

ಅಕ್ಕ ಊದಿದ ಕೈಯನ್ನು ತಮ್ಮನ ಮೊಣಕಾಲ ಮೇಲಿಟ್ಟಳು. "ಅಷ್ಟು ದಿನ ನನ್ನ ಕೈಲಿ ಆಗಲ್ಲ ಕಣೋ," ಎಂದಳು, ತಪ್ಪು ತನ್ನದೇ ಎನ್ನುವ ಹಾಗೆ.