ಹುಳು ಹಣ್ಣಾದ ಭಾನುವಾರ

ನಾನು ಸ್ವಲ್ಪ ಜೋರು. ಶಿಡ್ಲಘಟ್ಟದ ಸುತ್ತಮುತ್ತಲ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿಸಿ ಗದರಿಸಿ ಅಭ್ಯಾಸವಾಗಿಬಿಟ್ಟಿದೆ. ರಿಟೈರ್ ಆದ ಮೇಲೆ ಗದರಿಸೋಕೆ ಮಕ್ಕಳು ಸಿಗಲಿಲ್ಲ, ಚರ್ಚು ಸಿಕ್ಕಿತು. ಒಂದು ಭಾನುವಾರ ಆರಾಧನೆಯ ನಡುವೆ ಜಗಳ ಆಡಿ ಎದ್ದು ಬಂದವಳು ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಕಾರಣ ಕೇಳಿದರೆ ನಗ್ತೀರಿ. ನಮ್ಮದು ಇಪ್ಪತ್ತೈದು ಮನೆಯವರ ಚಿಕ್ಕ ಸಭೆ, ಶೀಟಿನ ಸೂರು. ಹೊಸದಾಗಿ ಬಂದ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಇನ್ನೂ ಮೂವತ್ತು ದಾಟಿಲ್ಲದವರು, ಆ ಪುಟ್ಟ ಹಾಲಿಗೆ ಆಳೆತ್ತರದ ಎರಡು ಸೌಂಡ್ ಬಾಕ್ಸ್ ತಂದು ನಿಲ್ಲಿಸಿದರು. ನನ್ನ ಜಾಗ ಅದರ ಪಕ್ಕದಲ್ಲೇ. ಎರಡು ವಾರ ತಡೆದುಕೊಂಡೆ. ಮೂರನೇ ವಾರ ಎದ್ದು ನಿಂತು, ‘ಅಯ್ಯನವರೇ, ದೇವರಿಗೇನು ಕಿವುಡಾ?’ ಅಂದೆ. ಜನ ಗೊಳ್ಳೆಂದು ನಕ್ಕರು. ಅಯ್ಯನವರು ಮೆತ್ತಗೆ, ‘ಹುಡುಗರಿಗೆ ಇಷ್ಟ ಅಮ್ಮ, ಅವರೂ ಬರಲಿ ಅಂತ’ ಅಂದರು. ಅವರು ಮೆತ್ತಗೆ ಮಾತಾಡಿದ್ದಕ್ಕೇ ನನಗೆ ಇನ್ನಷ್ಟು ಉರಿಯಿತು. ‘ದೇವರು ನಮ್ಮ ಮನೆಯಲ್ಲೂ ಇದ್ದಾರೆ. ಅವರ ಜೊತೆ ಮಾತಾಡೋಕೆ ನಾನು ಒಂಬತ್ತು ಕಿಲೋಮೀಟರ್ ಆಟೋದಲ್ಲಿ ಕುಲುಕಾಡ್ಕೊಂಡು ಬರಬೇಕಾ? ಈ ಸಭೆಯಿಂದ ನನಗೇನಾಗಬೇಕು?’ ಅಂತ ಹೇಳಿ ಹೊರಟೇಬಿಟ್ಟೆ. ಹೊರಗೆ ಬಂದರೆ ಒಂದೂ ಆಟೋ ಇಲ್ಲ. ಅದೇ ಬಾಕ್ಸಿನ ಹಾಡು ಕೇಳಿಕೊಂಡು ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದೆ.

ಅಕ್ಕ ಮಾತ್ರ ಹೋಗೋದು ಬಿಡಲಿಲ್ಲ. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಭಾವ ಹೋದ ಮೇಲೆ ನನ್ನ ಜೊತೆಗೇ ಬಂದಿದ್ದಳು. ನನಗೆ ಮದುವೆ ಇಲ್ಲ, ಅವಳಿಗೆ ಮಕ್ಕಳಿಲ್ಲ. ಚಿಂತಾಮಣಿ ರಸ್ತೆಯ ನಮ್ಮೂರಲ್ಲಿ ಅಪ್ಪನ ಕಾಲದ ಒಂದೆಕರೆ ಹಿಪ್ಪುನೇರಳೆ, ಮನೆ ಪಕ್ಕಕ್ಕೆ ರೇಷ್ಮೆ ಹುಳು ಸಾಕೋ ಮನೆ, ನಾವಿಬ್ಬರು. ಆ ವರ್ಷವೇ ಅಕ್ಕನ ಎದೆಯಲ್ಲಿ ಗಡ್ಡೆ ಅಂತ ಗೊತ್ತಾಯಿತು. ಬೆಂಗಳೂರಿಗೆ ಅಲೆದಾಟ, ಆಪರೇಷನ್, ಆಮೇಲೆ ಆ ಹಾಳು ಔಷಧಿ. ಕೂದಲೆಲ್ಲ ಹೋಯಿತು. ಸಭೆಯವರು ನೋಡೋಕೆ ಬರೋರು. ನಾನು ಕಾಫಿ ಕೊಟ್ಟು ಒಳಗೆ ಹೋಗಿ ಪಾತ್ರೆ ತೊಳೆಯುತ್ತ ನಿಲ್ಲುತ್ತಿದ್ದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಔಷಧಿ ಮುಗಿದು ತಿಂಗಳಾಗಿರಲಿಲ್ಲ, ಅಕ್ಕ ಒಂದು ಬೆಳಿಗ್ಗೆ ಹೇಳಿದಳು, ‘ಒಂದು ರೇಷ್ಮೆ ಬೆಳೆ ತೆಗೀತೀನಿ ಕಣೇ.’

‘ನಿನಗೇನು ತಲೆ ಕೆಟ್ಟಿದೆಯಾ? ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳಿಲ್ವಾ?’ ಅಂತ ಕೂಗಾಡಿದೆ.

‘ಎತ್ತೋಕೆ ನೀನಿದ್ದೀಯಲ್ಲ. ಈ ಬೆಳೆ ಗೂಡು ಕಟ್ಟಿದರೆ ನಾನಿನ್ನೂ ಮನುಷ್ಯಳು ಅಂತ ನನಗೆ ಅನ್ನಿಸುತ್ತೆ. ಇಲ್ಲಾಂದ್ರೆ ನನ್ನನ್ನ ಮೂಲೆಯಲ್ಲಿ ಮಲಗಿಸಿಬಿಡು, ಆಮೇಲೆ ಏನೂ ಕೇಳಲ್ಲ.’

ಮಾರನೇ ವಾರವೇ ಮರಿಹುಳು ತಂದೆವು. ಅಕ್ಕ ಸ್ಟೂಲಿನ ಮೇಲೆ ಕೂತು ಹೇಳೋಳು, ನಾನು ಸೊಪ್ಪು ಹಾಕೋಳು. ಹುಳುಗಳು ನಾಲ್ಕು ಸಲ ಪೊರೆ ಬಿಡುತ್ತವೆ, ನಮ್ಮ ಕಡೆ ಅದನ್ನು ಜ್ವರ ಅಂತಾರೆ. ಹುಳು ಪ್ರತಿ ಜ್ವರ ಮುಗಿಸಿ ಎದ್ದಾಗಲೂ ಅಕ್ಕನ ಮುಖಕ್ಕೆ ಸ್ವಲ್ಪ ಬಣ್ಣ ಬರುತ್ತಿತ್ತು. ಮುದ್ದೆ ಅರ್ಧ ತಿನ್ನುತ್ತಿದ್ದವಳು ಪೂರ್ತಿ ತಿನ್ನತೊಡಗಿದಳು. ಅದನ್ನು ನೋಡಿ ನಾನು ಮೊಣಕಾಲು ನೋವನ್ನೂ ಮರೆತು ಓಡಾಡಿದೆ.

ಕೊನೆಯ ಜ್ವರ ಎದ್ದ ಹುಳು ವಾರ ಪೂರ್ತಿ ಸೊಪ್ಪು ತಿಂದು ಒಂದು ದಿನ ತಿನ್ನೋದು ನಿಲ್ಲಿಸುತ್ತೆ. ಮೈ ಹಳದಿ ತಿರುಗಿ, ತಲೆ ಎತ್ತಿ ಜಾಗ ಹುಡುಕುತ್ತೆ. ಹಣ್ಣಾಯಿತು ಅಂತಾರೆ. ಆಗ ಒಂದೊಂದನ್ನೇ ಕೈಯಲ್ಲಿ ಆಯ್ದು ಚಂದ್ರಂಕಿಗೆ, ಅಂದರೆ ಗೂಡು ಕಟ್ಟೋ ಬಿದಿರಿನ ತಟ್ಟಿಗೆ, ಬಿಡಬೇಕು. ಅರ್ಧ ದಿನ ತಡವಾದರೂ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಗೂಡು ಹಾಳು. ಅದಕ್ಕೆ ಆ ಒಂದು ದಿನಕ್ಕೆ ಹತ್ತಿಪ್ಪತ್ತು ಕೈ ಬೇಕೇ ಬೇಕು.

ನಮ್ಮ ಗ್ರಹಚಾರಕ್ಕೆ ಊರಿನ ಅರ್ಧ ಮನೆಗಳವರು ನಮ್ಮ ಜೊತೆಗೇ ಮರಿಹುಳು ತಂದಿದ್ದರು. ಶನಿವಾರ ಮಧ್ಯಾಹ್ನ ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕಂಡಾಗ ಕೂಲಿಯ ಹೆಂಗಸರಿಗೆ ಫೋನ್ ಮಾಡಿದೆ. ‘ನಾಳೆ ಆಗಲ್ಲ ಟೀಚರಮ್ಮ, ಒಪ್ಕೊಂಡಾಗಿದೆ’ ಅಂತ ಎಲ್ಲರದೂ ಒಂದೇ ಮಾತು. ಅಕ್ಕಪಕ್ಕದವರನ್ನು ಕೇಳಿದರೆ, ‘ನಮ್ಮದೂ ಹಣ್ಣಾಗಿದೆಯಲ್ಲಮ್ಮ.’ ಸಂಜೆ ಹೊತ್ತಿಗೆ ಅಕ್ಕನಿಗೆ ನಿಜವಾದ ಜ್ವರವೇ ಬಂತು. ಮಾತ್ರೆ ಕೊಟ್ಟು ಮಲಗಿಸಿದೆ. ‘ಹುಳು ಹೇಗಿದೆ?’ ಅಂತ ಕೇಳಿದಳು. ‘ಇನ್ನೂ ಟೈಮಿದೆ, ಮಲಗು’ ಅಂತ ಸುಳ್ಳು ಹೇಳಿದೆ.

ಭಾನುವಾರ ಬೆಳಕು ಹರಿಯುವಾಗ ಬಾಗಿಲು ತೆಗೆದರೆ ಅಷ್ಟೂ ಹುಳು ತಲೆ ಎತ್ತಿ ನಿಂತಿವೆ. ಒಬ್ಬಳೇ ಆಯೋಕೆ ಶುರು ಮಾಡಿದೆ. ಗಂಟೆ ಕಳೆದರೂ ಹುಳು ಹರಡಿದ ಒಂದು ಅಂಕಣದ ಮೂಲೆಯೂ ಖಾಲಿಯಾಗಲಿಲ್ಲ. ಅಲ್ಲೇ ನೆಲಕ್ಕೆ ಕೂತು ಅತ್ತೆ. ಹುಳುವಿಗಾಗಿ ಅಲ್ಲ. ಈ ಬೆಳೆ ಹೋಯಿತು ಅಂತ ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ, ಕೇಳಿ ಅವಳು ಗೋಡೆ ಕಡೆ ತಿರುಗಿ ಮಲಗಿಬಿಟ್ಟರೆ ಏನು ಮಾಡಲಿ ಅಂತ. ದೇವರನ್ನೂ ಬೈದೆ. ಮನೆಯಲ್ಲೇ ಇದ್ದಾರೆ ಅಂತ ನಾನೇ ಹೇಳಿದ್ದೆನಲ್ಲ, ಬೈಯೋಕೆ ದೂರ ಹೋಗಬೇಕಾಗಿರಲಿಲ್ಲ.

ಎಂಟು ಗಂಟೆ ಇರಬೇಕು, ಗೇಟಿನ ಹತ್ತಿರ ಗೂಡ್ಸ್ ಆಟೋ ಒಂದು ಬಂದು ನಿಂತಿತು. ಅದರ ಹಿಂದೆ ಇನ್ನೊಂದು, ಆಮೇಲೆ ನಾಲ್ಕೈದು ಬೈಕು. ನೋಡಿದರೆ ಇಡೀ ಸಭೆಯೇ ಇಳಿಯುತ್ತಿದೆ! ಇಲ್ಲಿ ಮುಗಿಸಿ ಹಾಗೇ ಚರ್ಚಿಗೆ ಹೋಗೋಣ ಅಂತ ತಯಾರಾಗಿಯೇ ಹತ್ತಿಕೊಂಡು ಬಂದಿದ್ದರು. ಇಸ್ತ್ರಿ ಸೀರೆ, ಮುಡಿ ತುಂಬ ಮಲ್ಲಿಗೆ, ಹುಡುಗರ ಮೈಗೆಲ್ಲ ಸೆಂಟು, ಪೌಡರು. ಅಯ್ಯನವರದು ಬೆಳ್ಳನೆ ಶರ್ಟು.

ಥ್ಯಾಂಕ್ಸ್ ಹೇಳಬೇಕಾದ ನಾನು ಏನು ಮಾಡಿದೆ ಅಂತೀರಿ? ಬಾಗಿಲಿಗೆ ಅಡ್ಡ ನಿಂತು ಕಿರುಚಿದೆ. ‘ಹುಳುವಿಗೆ ವಾಸನೆ ಆಗಲ್ಲ ಅಂತ ಗೊತ್ತಿಲ್ವಾ? ರೇಷ್ಮೆ ಊರಲ್ಲೇ ಹುಟ್ಟಿ ಬೆಳೆದು ಈ ಸೆಂಟು ಹಾಕ್ಕೊಂಡು ಬಂದಿದ್ದೀರಲ್ಲ! ಎಲ್ಲಾ ತೊಟ್ಟಿ ಹತ್ತಿರ ನಡೀರಿ, ಸೋಪು ಹಾಕಬೇಡಿ, ಬರೀ ನೀರಲ್ಲಿ ತೊಳ್ಕೊಳ್ಳಿ!’ ಹೆಂಗಸರು ಮಲ್ಲಿಗೆ ತೆಗೆದು ಹೊರಗಿನ ಮಂಚದ ಮೇಲಿಟ್ಟರು. ಹುಡುಗರು ತೊಟ್ಟಿ ನೀರಲ್ಲಿ ಕತ್ತು ಕಂಕುಳು ಉಜ್ಜಿಕೊಂಡರು. ಅಯ್ಯನವರು ತೊಳೆಯುವಾಗ ನೆನೆದ ಶರ್ಟು ಬಿಚ್ಚಿ ಗಿಡಕ್ಕೆ ತಗುಲಿಸಿ ಬನಿಯನ್ನಿನಲ್ಲಿ ಬಂದು, ‘ಪಾಸಾದೆನಾ ಟೀಚರ್?’ ಅಂತ ಕೈಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ನನಗೆ ನಗು ಬಂದುಬಿಟ್ಟಿತು, ಎಂಟು ತಿಂಗಳಲ್ಲಿ ಅವರ ಎದುರಿಗೆ ಮೊದಲ ಸಲ.

ಅವರಲ್ಲಿ ಒಬ್ಬರು ಅಜ್ಜಿ ಇದ್ದರು. ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ಬಿಸಿನೀರಿಗೆ ಕೈ ಹಾಕಿ ಗೂಡಿಂದ ನೂಲು ತೆಗೆದವರು, ಬೆರಳೆಲ್ಲ ಬಿಳಿಚಿಕೊಂಡು ಬಿರುಕು ಬಿಟ್ಟಿತ್ತು. ಅವರು ಜೀವ ಇರೋ ಹುಳುವನ್ನು ಕೈಯಲ್ಲಿ ಹಿಡಿದಿದ್ದು ಅವತ್ತೇ ಮೊದಲಂತೆ. ‘ಅಯ್ಯೋ ದೇವುಡಾ, ಎಷ್ಟು ತಣ್ಣಗಿದೆಯಮ್ಮಾ’ ಅಂತ ತೆಲುಗು ಕನ್ನಡ ಬೆರೆಸಿ ಹೇಳುತ್ತ, ಒಂದೊಂದನ್ನೂ ಮಗು ಮಲಗಿಸಿದ ಹಾಗೆ ಚಂದ್ರಂಕಿ ಮೇಲೆ ಬಿಡುತ್ತಿದ್ದರು. ಅವರ ನಿಧಾನ ನೋಡಿ ಗದರಿಸೋಣ ಅಂತ ಬಾಯಿ ತೆಗೆದವಳು ಅವರ ಪಕ್ಕಕ್ಕೆ ಇನ್ನೊಂದು ಚಂದ್ರಂಕಿ ತಂದಿಟ್ಟೆ.

ಹತ್ತು ಗಂಟೆಗೆ ಯಾರೋ ಹಾಡು ಶುರು ಮಾಡಿದರು. ಚರ್ಚಿನಲ್ಲಿ ಆರಾಧನೆ ಶುರುವಾಗೋ ಹೊತ್ತು ಅದು. ತಾಳ ಹಾಕೋಕೆ ಯಾರಿಗೂ ಕೈ ಖಾಲಿ ಇಲ್ಲ, ಬರೀ ಬಾಯಿ. ಆಚೆ ಸಾಲಿಂದ ಅಯ್ಯನವರು, ‘ಸೌಂಡು ಸಾಕಾ ಟೀಚರ್?’ ಅಂತ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆ ಗಲಾಟೆಗೆ ಎಚ್ಚರವಾಗಿ ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಯಾರೋ ಸ್ಟೂಲ್ ಹಾಕಿದರು. ಬೋಳು ತಲೆಗೆ ಸೆರಗು ಹೊದ್ದು ಕೂತು, ‘ಅಲ್ಲಿ ಒತ್ತೊತ್ತಾಗಿ ಬಿಡಬೇಡಪ್ಪ, ಜೋಡಿ ಗೂಡಾಗುತ್ತೆ’ ಅಂತ ಬಿಸಿಯೂಟದ ಉಸ್ತುವಾರಿಯವಳ ಹಾಗೆ ಎಲ್ಲರಿಗೂ ಹುಕುಂ ಕೊಟ್ಟಳು.

ಒಂದೂವರೆಗೆ ಕೊನೆಯ ಹುಳುವೂ ಚಂದ್ರಂಕಿ ಸೇರಿತು. ಹೊಂಗೆ ಮರದ ಕೆಳಗೆ ನಿಂತು ಪ್ರಾರ್ಥನೆ ಆಯಿತು. ಪ್ರಸಂಗ, ಅಂದರೆ ಆ ಭಾನುವಾರದ ಬೋಧನೆ, ಬರೆದ ಚೀಟಿ ಶರ್ಟಿನ ಜೇಬಲ್ಲಿ ನೆನೆದುಹೋಗಿದೆ ಅಂತ ಅಯ್ಯನವರು ಎರಡೇ ಮಾತಲ್ಲಿ ಆಶೀರ್ವಾದ ಹೇಳಿ ಮುಗಿಸಿದರು. ಹೆಂಗಸರು ಅಷ್ಟರಲ್ಲಿ ಮುದ್ದೆ, ಸೊಪ್ಪಿನ ಸಾರು ಮಾಡಿದ್ದರು. ಬಡಿಸುವಾಗ ಅಯ್ಯನವರ ಹತ್ತಿರ ಹೋಗಿ, ‘ಅವತ್ತು ನಾನು ಹಾಗೆ ಮಾತಾಡಬಾರದಿತ್ತು’ ಅಂದೆ.

‘ಬಾಕ್ಸು ನಿಜವಾಗ್ಲೂ ಜೋರಾಗಿತ್ತು ಅಮ್ಮ’ ಅಂದರು ಅವರು. ‘ಆದರೆ ನೀವು ಎದ್ದು ಹೋದ ಮೇಲೆ ಕಡಿಮೆ ಮಾಡಿ ಅಂತ ಹೇಳೋರೇ ಇಲ್ಲ. ಇನ್ನೊಂದು ಚೂರು ಸಾರು ಹಾಕಿ.’

ಎಲ್ಲರೂ ಹೋದ ಮೇಲೆ ಅಕ್ಕನ ಪಕ್ಕ ಕೂತೆ. ‘ಇವರಿಗೆ ಹೇಗೆ ಗೊತ್ತಾಯಿತು?’

‘ಕೂಲಿಯವರ ಹತ್ತಿರ ನೀನು ಫೋನಲ್ಲಿ ಕೇಳ್ಕೊಂಡಿದ್ದೆಲ್ಲ ನನಗೆ ಕೇಳಿಸ್ತು. ನಿನ್ನೆ ಸಾಯಂಕಾಲ ನೀನು ಸೊಪ್ಪು ತರೋಕೆ ಹೋಗಿದ್ದಾಗ ಅಯ್ಯನವರಿಗೆ ಫೋನ್ ಮಾಡಿದೆ.’

‘ನನಗೊಂದು ಮಾತು ಹೇಳಬಾರದಾ? ಬೆಳೆ ಉಳಿಸ್ಕೊಳ್ಳೋಕೆ ಅಷ್ಟು ಜನರ ಕೈಲಿ...’

‘ಬೆಳೆಗಲ್ಲ ಕಣೇ.’ ಅಕ್ಕ ನನ್ನ ಕೈ ಹಿಡಿದುಕೊಂಡಳು. ‘ಮೊದಲು ಬೆಳೆಗೇ ಅಂತ ಫೋನ್ ತಗೊಂಡೆ, ನಿಜ. ಆದರೆ ಡಾಕ್ಟರು ನಿನಗೆ ಹೇಳಿದ್ದು ಅರ್ಧ, ನನಗೆ ಪೂರ್ತಿ ಹೇಳಿದ್ದಾರೆ. ನಾನು ಹೋದ ಮೇಲೆ ನೀನು ಒಬ್ಬಳೇ ಹೇಗಿರ್ತೀಯ? ಅಳೋಕೂ ಜಗಳ ಆಡೋಕೂ ಜನ ಬೇಕಲ್ವಾ? ನಿನ್ನನ್ನ ತಡ್ಕೊಳ್ಳೋರು ಅಂದ್ರೆ ಇವರೇ. ನಾನಿರುವಾಗಲೇ ನಿನ್ನನ್ನ ಅವರ ಕೈಗೆ ಹಾಕಿಬಿಡೋಣ ಅಂತ.’

‘ಬಾಯಿ ಮುಚ್ಕೊಂಡು ಮಲಗು’ ಅಂತ ಗದರಿಸಿ ಹೊರಗೆ ಬಂದೆ. ಅವರೆಲ್ಲ ಬಿಟ್ಟು ಹೋದ ಮಲ್ಲಿಗೆ ಮಂಚದ ಮೇಲೆ ಬಾಡುತ್ತಿತ್ತು. ಅಲ್ಲಿ ಕೂತು ಅತ್ತಿದ್ದು ಬೆಳಗಿನ ಅಳುವಲ್ಲ.

ಆ ಬೆಳೆ ಚೆನ್ನಾಗಿ ಬಂತು. ಅಕ್ಕ ತಾನೇ ಗೂಡಿನ ಜೊತೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ ಕೂತು ಬಂದಳು. ಇನ್ನೂ ಎರಡು ಬೆಳೆ ತೆಗೆದಳು. ಅದರ ಮುಂದಿನದಕ್ಕೆ ಅವಳಿರಲಿಲ್ಲ. ಮಣ್ಣಿಗೆ ಹೊತ್ತವರು ಸಭೆಯವರೇ, ಆಮೇಲೆ ಹದಿನೈದು ದಿನ ನನ್ನನ್ನು ಒಬ್ಬಳೇ ಬಿಡದವರೂ ಅವರೇ. ಸಭೆ ಯಾತಕ್ಕೆ ಅಂತ ಈಗ ಯಾರಾದರೂ ಕೇಳಿದರೆ ನನಗೆ ದೊಡ್ಡ ಮಾತೇನೂ ಬರಲ್ಲ. ದೇವರು ಮನೆಯಲ್ಲಿ ಇರೋದು ಸುಳ್ಳಲ್ಲ. ಆದರೆ ಅಕ್ಕ ಇಲ್ಲದ ಮನೆಯೊಳಗೆ ದೇವರು ಬಂದಿದ್ದು ಈ ಜನರ ಜೊತೆಯಲ್ಲೇ.

ಹೋದ ಭಾನುವಾರ ನನಗೆ ಮೈ ಸರಿಯಿರಲಿಲ್ಲ, ಯಾರಿಗೂ ಹೇಳದೆ ಮನೆಯಲ್ಲೇ ಉಳಿದಿದ್ದೆ. ಆರಾಧನೆ ಮುಗಿದು ಇನ್ನೂ ಮುಕ್ಕಾಲು ಗಂಟೆ ಆಗಿರಲಿಲ್ಲ, ಗೇಟು ಸದ್ದಾಯಿತು. ನೂಲು ತೆಗೆಯೋ ಅಜ್ಜಿ ಮುಂದೆ, ಅವರ ಹಿಂದೆ ನಾಲ್ಕು ಜನ. ‘ಏನಮ್ಮಾ, ಬರಲ್ಲ ಅಂತ ಒಂದು ಫೋನ್ ಮಾಡೋಕೆ ಕೈಗೆ ಏನಾಗಿತ್ತು? ಹಾಡೂ ಕಿವಿಗೆ ಬೀಳಲಿಲ್ಲ, ಪೂರ್ತಿ ಬಾಗಿಲನ್ನೇ ನೋಡ್ಕೊಂಡು ಕೂತಿದ್ವಿ’ ಅಂತ ಹೊಸಿಲು ದಾಟೋ ಮೊದಲೇ ಶುರು ಹಚ್ಚಿಕೊಂಡರು. ನಾನು ಬೈಸಿಕೊಳ್ಳುತ್ತ ಐದು ಕುರ್ಚಿ ತಂದು ಹಾಕಿದೆ.